ಋಕ್ಷಗಿರಿಯ ತಂಬಿಟ್ಟಿನ ಎಡೆ

ಈ ಸೀಮೆಯಲ್ಲಿ ಊರುಗಳಿಗಿಂತ ಅಡವಿಯೇ ಹೆಚ್ಚಾಗಿದ್ದ ಪುರಾತನ ಕಾಲದಲ್ಲಿ, ತೃಣಕನೆಂಬ ಮುನಿವರ್ಯನು ಋಕ್ಷಗಿರಿಯ ಶಿಖರದಲ್ಲಿ ಜಗನ್ಮಾತೆಯನ್ನು ಪ್ರತಿಷ್ಠಾಪಿಸಿ, ಹರಕೆ ಹೊತ್ತವರು ಅಕ್ಕಿಯ ತಂಬಿಟ್ಟಿನಲ್ಲಿ ತುಪ್ಪದ ದೀಪವಿಟ್ಟು, ಅದು ನಂದದಂತೆ ಬೆಟ್ಟವೇರಿ ಸಮರ್ಪಿಸತಕ್ಕದ್ದೆಂದೂ, ನಡುದಾರಿಯಲ್ಲಿ ದೀಪವಾರಿದರೆ ಹರಕೆ ನಿಷ್ಫಲವೆಂದೂ ನಿಯಮ ವಿಧಿಸಿದ್ದನು.

ಬೆಟ್ಟದಡಿಯ ಗೊಲ್ಲರ ಹಟ್ಟಿಯಲ್ಲಿದ್ದ ಸಿರಿಯವ್ವನ ಒಬ್ಬಳೇ ಮಗಳು ಬಾಲಕ್ಕನು ಒಂಬತ್ತು ದಿನಗಳಿಂದ ಜ್ವರಪೀಡಿತಳಾಗಿ ಕಣ್ಣು ತೆರೆಯದೆ ಮಲಗಿರಲು, ತಾಯಿಯು ಬೆಣ್ಣೆ ಕೊಟ್ಟು ಗದ್ದೆಸೀಮೆಯ ಅಕ್ಕಿ ತಂದು, ನೆನೆಸಿ, ಕುಟ್ಟಿ, ಹುರಿದು, ಬೆಲ್ಲದ ಪಾಕದಲ್ಲಿ ಕಲಸಿ, ತಂಬಿಟ್ಟಿನ ನಡುವೆ ಗುಳಿಮಾಡಿ ದೀಪ ಹಚ್ಚಿ, ಸೆರಗನ್ನು ಗಾಳಿಗೆ ಅಡ್ಡಹಿಡಿದು ಬೆಟ್ಟವೇರತೊಡಗಿದಳು.

ಅರ್ಧದಾರಿಯ ಹಾಸುಬಂಡೆಯ ಮೇಲೆ ಹಿಂಗಾಲು ಮುರಿದ ಹೆಣ್ಣು ಕರಡಿಯೊಂದು ಬಿದ್ದಿತ್ತು. ಎರಡು ಮರಿಗಳು ಅದರ ಬತ್ತಿದ ಮೊಲೆ ಜಗ್ಗಿ ಜಗ್ಗಿ ಅಳುತ್ತಿದ್ದವು. ಸಿರಿಯವ್ವ ಓಡಿಹೋಗಬಹುದಿತ್ತು, ಹೋಗಲಿಲ್ಲ. ಮನೆಯಲ್ಲಿ ಮಲಗಿದ್ದ ಮಗುವಿನ ಮುಖ ಕಣ್ಣಿಗೆ ಕಟ್ಟಿತು. ಮರಿಗಳ ಮೂತಿ ಸುಟ್ಟೀತೆಂದು ತಾನೇ ದೀಪವನ್ನಾರಿಸಿ, ತಂಬಿಟ್ಟನ್ನು ಮುರಿದು ಕರಡಿಯ ಬಾಯಿಯ ಬಳಿ ಇಟ್ಟಳು. ಅದು ತಿನ್ನುವವರೆಗೂ ನಿಂತಿದ್ದು, ಬರಿದಾದ ತಟ್ಟೆ ಹಿಡಿದು ಅಳುತ್ತಲೇ ಮೇಲೆ ಹತ್ತಿದಳು.

"ತಾಯೀ, ತಂಬಿಟ್ಟೆಲ್ಲಿ? ದೀಪವೆಲ್ಲಿ?" ಎಂದನು ಗುಡಿಯ ಬಾಗಿಲಲ್ಲಿದ್ದ ಮುನಿ.

"ದಾರೀಲಿ ಒಬ್ಬ ಬಾಣಂತಿ ಹಸಿದು ಬಿದ್ದಿದ್ದಳು, ಸ್ವಾಮಿ. ಕೊಟ್ಟುಬಿಟ್ಟೆ."

"ಹಾಗಾದರೆ ನಿನ್ನ ಹರಕೆ ಕೆಟ್ಟಿತು."

ಆಗ ಗರ್ಭಗುಡಿಯಿಂದ ಅಶರೀರವಾಣಿಯೊಂದು ಕೇಳಿಬಂದಿತು: "ತೃಣಕ, ನಿಯಮ ನಿನ್ನದು, ಹಸಿವು ನನ್ನದು. ಬಾಣಂತಿಗಿಟ್ಟ ಎಡೆ ನನಗೆ ಸಂದಿದೆ. ಸಿರಿಯವ್ವಾ, ಮನೆಗೆ ಹೋಗು, ಮಗು ಎದ್ದಿದ್ದಾಳೆ."

ಮುನಿಯು ತಲೆಬಾಗಿ ಆಕೆಯೊಡನೆ ಇಳಿದು ನೋಡಲಾಗಿ, ಬಂಡೆಯ ಮೇಲೆ ಕರಡಿಯಾಗಲಿ ಮರಿಗಳಾಗಲಿ ಇರಲಿಲ್ಲ. ಅದು ಮಲಗಿದ್ದಲ್ಲಿ ಕಲ್ಲು ತಗ್ಗಾಗಿ ತಿಳಿನೀರು ಒಸರುತ್ತಿತ್ತು. ಹಟ್ಟಿಯ ಬಾಗಿಲಲ್ಲಿ ಬಾಲಕ್ಕ, "ಅವ್ವಾ, ಹೊಟ್ಟೆ ಹಸೀತದೆ" ಎಂದು ಕುಳಿತಿದ್ದಳು.

ಆ ತಗ್ಗು ಬಾಣಂತಿಗುಂಡಿಯೆಂಬ ಹೆಸರಿನಿಂದ ಇಂದಿಗೂ ದರ್ಶನೀಯವಾಗಿದೆ. ಶ್ರಾವಣದ ಮಂಗಳವಾರಗಳಂದು ಭಕ್ತರು ದೀಪವಿಲ್ಲದ ಮೊದಲ ತಂಬಿಟ್ಟನ್ನು ಅದರ ಅಂಚಿನಲ್ಲಿಟ್ಟು, ಆಮೇಲೆಯೇ ದೇವಿಯ ಸನ್ನಿಧಿಗೆ ಸಾಗತಕ್ಕದ್ದು. ಅದನ್ನು ಯಾರು ತಿಂದರೆಂದು ತಿರುಗಿ ನೋಡುವ ಪದ್ಧತಿ ಇಲ್ಲಿಲ್ಲ.