ಗೊರವನ ಬಾಲ, ಅಳಿಲಿನ ಬಾಲ

ತುಂಬು ಬಸುರಿ ಅಳಿಲೊಂದಕ್ಕೆ ಮರಿಗಳು ಹುಟ್ಟುವ ಮೊದಲು ಗೂಡಿಗೆ ಹಾಸಲು ಮೆತ್ತನೆಯ ನಾರು ಬೇಕಿತ್ತು. ಅದರ ಅತ್ತಿಮರದ ಬುಡಕ್ಕೇ, ಕೆರೆಯ ದಂಡೆಗೆ, ತೆಂಗಿನ ನಾರಿನ ಉಂಡೆಯೊಂದು ತೇಲಿಬಂದು ನಿಂತಿತ್ತು. ಆದರೆ ಅಲ್ಲೇ ಗದ್ದೆಗೊರವ ಹಕ್ಕಿಯೊಂದು ಕೆಸರಲ್ಲಿ ಹುಳ ಹೆಕ್ಕುತ್ತ ಒಂದೇ ಸಮನೆ ಬಾಲ ಕುಣಿಸುತ್ತಿತ್ತು. ಅಳಿಲು ಇಳಿಯುವುದು, ಆ ಬಾಲ ನೋಡಿ ಎದೆ ಹಾರಿ ಮೇಲಕ್ಕೋಡುವುದು, ಹೀಗೇ ಮೂರು ಸಲವಾಯಿತು.

ಕೊನೆಗೆ ಅಳಿಲು ಕೊಂಬೆಯಿಂದಲೇ ಕೂಗಿತು: "ಎಲ್ಲಿದೆ ತಂಗಿ ಆ ಮುಂಗುಸಿ? ಬೆಳಗ್ಗಿಂದ ಬಾಲ ಬಡಿದು ಎಚ್ಚರಿಸ್ತಾನೇ ಇದೀಯ!"

"ಯಾವ ಮುಂಗುಸಿ ಅಕ್ಕ? ನಮ್ಮಮ್ಮನೂ ಹೀಗೇ ಕುಣಿಸ್ತಿದ್ದಳು. ಎಲ್ಲ ಕ್ಷೇಮ ಅಂತ ಇದರ ಅರ್ಥ."

"ನಮ್ಮ ಕುಲದಲ್ಲಿ ಬಾಲ ಅಲ್ಲಾಡಿಸಿದರೆ 'ಓಡು' ಅಂತ!"

"ಹಾಗಾದರೆ ಈವತ್ತು ನನ್ನಿಂದ ನಿನಗೆ ಒಳ್ಳೇ ವ್ಯಾಯಾಮ" ಎಂದು ಹಕ್ಕಿ ನಕ್ಕಿತು.

ಅಳಿಲು ನಾಚಿಕೊಂಡು ಇಳಿದು ನಾರನ್ನು ಬಾಯಿಗೆ ತುರುಕಿಕೊಳ್ಳತೊಡಗಿತು. ಅಷ್ಟರಲ್ಲಿ ಹಕ್ಕಿಯ ಬಾಲ ಥಟ್ಟನೆ ನಿಂತಿತು. 'ಪಾಪ, ನನಗೋಸ್ಕರ ನಿಲ್ಲಿಸಿದೆ' ಅಂದುಕೊಂಡಿತು ಅಳಿಲು. ಮರುಕ್ಷಣವೇ ಅದಕ್ಕೆ ಹೊಳೆಯಿತು: ಕುಣಿದರೆ ಕ್ಷೇಮ ಎನ್ನುವವರ ಬಾಲ ನಿಂತರೆ ಏನರ್ಥ? ನಾರಿನ ಸಮೇತ ಅದು ಮರಕ್ಕೆ ಹಾರಿತು, ಹಕ್ಕಿ ಆಕಾಶಕ್ಕೆ. ಜೊಂಡಿನಿಂದ ನುಗ್ಗಿದ ಮುಂಗುಸಿಗೆ ಬರೀ ಕೆಸರು ಸಿಕ್ಕಿತು.

ಮುಂಗುಸಿ ಹೋದ ಮೇಲೆ ಹಕ್ಕಿ ದಂಡೆಗೆ ಮರಳಿತು. ಬಾಯಿ ತುಂಬ ನಾರಿದ್ದ ಅಳಿಲು ಕೊಂಬೆಯಿಂದ ಪ್ರೀತಿಯಿಂದ ಬಾಲ ಅಲ್ಲಾಡಿಸಿತು. ಹಕ್ಕಿ ಕಿರುಚಿಕೊಂಡು ಮತ್ತೆ ರೆಕ್ಕೆ ಬಿಚ್ಚಿತು.

ಅಳಿಲು ನಾರನ್ನೆಲ್ಲ ಉಗಿದು ಕೂಗಿತು: "ಹಾರಬೇಡ ಮಾರಾಯ್ತಿ! ಇದು ನಿಮ್ಮ ಭಾಷೆಯಲ್ಲಿ ಅಲ್ಲಾಡಿಸಿದ್ದು!"