ಚನ್ನವೀರ ಇಟ್ಟುಕೊಂಡ ದನಿ

ರಾಣೆಬೆನ್ನೂರಿನಲ್ಲಿ ಸಂಕಮ್ಮ ಅಂತ ಒಬ್ಬಳು, ಅವಳಿಗೆ ಚನ್ನವೀರ ಅಂತ ಒಬ್ಬನೇ ಮಗ. ಏನು ಹೇಳಿದರೆ ಅದನ್ನೇ ಮಾಡುವವ. ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಡಿಮೆಯಿಲ್ಲ. ಅಂಥ ಮಗ ಎಷ್ಟು ಮನೆಯಲ್ಲಿದ್ದಾನೆ ಹೇಳಿ! ಸಂಕಮ್ಮ ಮಾತ್ರ ಹಣೆ ಬಡಿದುಕೊಳ್ಳುತ್ತಿದ್ದಳು.

ಸಂಕಮ್ಮ ಹರೆಯದಲ್ಲಿ ಸೋಬಾನೆ ಹಾಡಿದ್ದಳು, ಅದು ರೆಕಾರ್ಡ್ ಆಗಿತ್ತು. ಮನೆತನದ ಹೆಣ್ಣು ಕಂಡವರಿಗೆಲ್ಲ ಹಾಡಿದಳು ಅಂತ ಅಣ್ಣ ಬಸಲಿಂಗಪ್ಪ ಮಾತು ಬಿಟ್ಟಿದ್ದ. ಈಗ ಅವಳ ಗಂಟಲು ಕೆಟ್ಟಿತ್ತು, ಅವನ ಸಿಟ್ಟು ಇಳಿದಿತ್ತು. ಇವತ್ತು ಸಂಜೆ ಬರುತ್ತೇನೆ, ನಿನ್ನ ಹಾಡು ಕೇಳಬೇಕು ಅಂತ ಹೇಳಿ ಕಳಿಸಿದ್ದ. ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಇತ್ತು, ಸ್ಪೀಕರ್ ಇತ್ತು, ಆಂಪ್ಲಿಫೈಯರ್ ಸುಟ್ಟುಹೋಗಿತ್ತು. ಮೈಕ್ ಸೆಟ್ಟಿನ ಇಮಾಮಸಾಬ ಎರಡು ತಂದಿಟ್ಟ. ಒಂದು ವಾಲ್ವಿನದು, ಬಿಸಿಯಾದ ಮೇಲೆ ಬೆಣ್ಣೆಯಂಥ ದನಿ. ಇನ್ನೊಂದು ಟ್ರಾನ್ಸಿಸ್ಟರಿನದು, ಹಾಕಿದ ಕೂಡಲೇ ಇದ್ದದ್ದು ಇದ್ದಂತೆ ಹಾಡುತ್ತದೆ. ಕೇಳಿ ನೋಡಿ ಒಂದು ಇಟ್ಟುಕೊಳ್ಳಿ ಅಂತ ವಯರು ಜೋಡಿಸುವುದನ್ನು ತೋರಿಸಿ ಹೋದ.

ವಾಲ್ವಿನದನ್ನು ಬಿಸಿ ಮಾಡಿಡು ಅಂತ ಹೇಳಿ ಸಂಕಮ್ಮ ಸಂತೆಗೆ ಹೋದಳು. ಬಂದು ನೋಡಿದರೆ ಮಗ ಅದನ್ನು ಒಲೆಯ ಪಕ್ಕ ಕೂರಿಸಿ ಕಂಬಳಿ ಹೊದಿಸಿದ್ದಾನೆ. ಅದು ತಾನಾಗೇ ಬಿಸಿಯಾಗುತ್ತದೆ ದಡ್ಡಾ, ಸ್ವಿಚ್ ಹಾಕಿ ಕಾಯಬೇಕು, ಕಾಯದೆ ಕೇಳಬಾರದು ಅಂತ ಬೈದಳು. ಆಗಲಿ ಅವ್ವ ಅಂದ.

ಅವಳು ಗಿರಣಿಗೆ ಹೋದಾಗ ಟ್ರಾನ್ಸಿಸ್ಟರಿನದನ್ನು ಹಾಕಿದ. ಅದು ತಟ್ಟನೆ ಹಾಡಿತು. ಹಿಟ್ಟಿನ ಡಬ್ಬಿ ಹೊತ್ತು ಬರುತ್ತಿದ್ದ ಸಂಕಮ್ಮ ತನ್ನ ಹರೆಯದ ದನಿ ಕೇಳಿ ಓಣಿಯಲ್ಲೇ ನಿಂತಳು. ಅಬ್ಬಾ, ಎಂಥ ದನಿ ಇತ್ತು ಅವಳದು! ಒಳಗೆ ಬಂದರೆ ಮಗ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಕೂತಿದ್ದಾನೆ. ಇನ್ನೂ ಕಾದಿಲ್ಲವಲ್ಲ, ಹೇಗೆ ಕೇಳಲಿ ಅಂತಾನೆ!

ಸಂಕಮ್ಮ ಹತ್ತಿ ಕಿತ್ತೆಸೆದಳು. "ಕಿವಿ ಹಚ್ಚಿ ಕೇಳೋ. ನನ್ನ ದನಿ ಯಾವುದ್ರಾಗಿಂದ ಚಂದಾಗಿ ಬರ್ತದೋ ಅದನ್ನ ಇಟ್ಕೊ, ಉಳಿದದ್ದನ್ನ ಇಮಾಮಸಾಬಗ ಕೊಟ್ಟು ಬಾ" ಅಂದು ಅಣ್ಣನನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋದಳು.

ಚನ್ನವೀರ ರೆಕಾರ್ಡ್ ಹಾಕಿ ವಾಲ್ವಿನದಕ್ಕೆ ಕಿವಿ ಹಚ್ಚಿದ, ಕಿವಿ ಸುಟ್ಟಿತೇ ಹೊರತು ದನಿಯಿಲ್ಲ. ಟ್ರಾನ್ಸಿಸ್ಟರಿನದಕ್ಕೆ ಹಚ್ಚಿದ, ಅಲ್ಲೂ ಇಲ್ಲ. ಸ್ಪೀಕರಿಗೆ ಹಚ್ಚಿದ, ಅವ್ವ ಅಲ್ಲಿದ್ದಾಳೆ! ಸ್ಪೀಕರ್ ಇಟ್ಟುಕೊಂಡ, ಎರಡೂ ಆಂಪ್ಲಿಫೈಯರ್ ಕೊಟ್ಟು ಬಂದ. ಇಮಾಮಸಾಬ ಅವನ್ನು ಹೇರಿಕೊಂಡು ಪರವೂರಿನ ಮದುವೆಗೆ ಹೊರಟುಹೋದ.

ಬಸಲಿಂಗಪ್ಪ ಬಂದು ಕೂತ. ರೆಕಾರ್ಡ್ ತಿರುಗಿತು, ಸ್ಪೀಕರ್ ಮಾತಾಡಲಿಲ್ಲ. ಸಂಗತಿ ತಿಳಿದು ಸಂಕಮ್ಮ ಗಳಗಳ ಅತ್ತಳು. ಇಷ್ಟು ವರ್ಷ ಕಾದು ಅಣ್ಣನಿಗೆ ಕೇಳಿಸಲಾಗಲಿಲ್ಲವಲ್ಲ ಅಂದಳು.

ಚನ್ನವೀರ ಸಮಾಧಾನ ಹೇಳಿದ. "ನೀ ಹೊರಗ ಬಂದು ನಿಂತ್ರ ಸ್ಪೀಕರಿನೊಳಗ ಹಾಡೋರ್ ಯಾರವ್ವಾ?"

ಬಸಲಿಂಗಪ್ಪ ಬಿದ್ದು ಬಿದ್ದು ನಕ್ಕ. ಆಮೇಲೆ ಕಣ್ಣೊರೆಸಿಕೊಂಡು, "ಹೊರಗ ಹಾಡು ತಂಗಿ, ನಾ ಇಲ್ಲೇ ಕುಂತೀನಿ" ಅಂದ.

ಸಂಕಮ್ಮ ಒಡೆದ ಗಂಟಲಲ್ಲೇ ಹಾಡಿದಳು. ಅಣ್ಣ ತಲೆದೂಗುತ್ತಾ ಕೇಳಿದ. ಚನ್ನವೀರನೂ ಅವ್ವನ ಕೊರಳಿಗೆ ಕಿವಿ ಹಚ್ಚಿ ಗಮನವಿಟ್ಟು ಕೇಳಿದ. ಸಂಶಯವೇ ಇಲ್ಲ, ದನಿ ಇಲ್ಲಿಂದಲೇ ಬರುತ್ತಿದೆ, ಚಂದವಾಗಿಯೇ ಬರುತ್ತಿದೆ.

ಅವ್ವನನ್ನು ಇಟ್ಟುಕೊಂಡ. ಸ್ಪೀಕರ್, ಪ್ಲೇಯರ್, ರೆಕಾರ್ಡ್ ಎಲ್ಲ ತಲೆಯ ಮೇಲೆ ಹೊತ್ತು ಇಮಾಮಸಾಬನ ಮನೆಗೆ ಕೊಟ್ಟು ಬಂದ.