ತುಂಬಿದ ದೊಣೆ

ಹಿರೇಹಳ್ಳದ ದಂಡೆಯ ಮೇಲೆ ಎರಡು ಕೋಣೆ, ಎದುರಿಗೊಂದು ಬೇವಿನ ಮರ. ಬಾಗಿಲ ಮೇಲೆ 'ಭೂರೂಪ ಅಧ್ಯಯನ ಕೇಂದ್ರ' ಎಂಬ ಹಲಗೆ ತೂಗುತ್ತಿತ್ತು. ಸುತ್ತಲಿನ ಜನ ಮಾತ್ರ ಅದನ್ನು ಆಶ್ರಮ ಅಂತಲೇ ಕರೆಯುತ್ತಿದ್ದರು. ಕೇಂದ್ರ ನಡೆಸುವ ಹಂಚಿನಾಳ ಸರ್‌ಗೆ ಆ ಮಾತು ಕೇಳಿದರೆ ಸಿಟ್ಟು. ಏನು ಮಾಡುವುದು, ಊರ ಬಾಯಿಗೆ ಮುಚ್ಚಳ ಇಲ್ಲ.

ಸರ್ ಮೂವತ್ತು ವರ್ಷದಿಂದ ಒಂದೇ ಕೆಲಸ ಮಾಡುತ್ತಿದ್ದರು. ನೆಲ ಹೇಗೆ ಸವೆಯುತ್ತದೆ ಎಂದು ನೋಡುವುದು. ಅಂಥದ್ದನ್ನು ನೋಡುತ್ತ ಕೂತವರಿಗೆ ಅವಸರ ಎಲ್ಲಿಂದ ಬರಬೇಕು.

ಅವಸರ ಇದ್ದದ್ದು ಮಹಾನಂದಾಳಿಗೆ.

ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಒಂದು ಸೀಟಿತ್ತು. ಒಂದೇ. ನಾಲ್ಕು ವರ್ಷ ವಿದ್ಯಾರ್ಥಿವೇತನ, ಊಟ ವಸತಿ ಎಲ್ಲ ಅವರದೇ. ಈ ಸೀಮೆಯ ಗುಡ್ಡ ಹಳ್ಳಗಳು ಲಕ್ಷ ವರ್ಷದಲ್ಲಿ ಹೇಗೆ ಹೇಗೆ ಬದಲಾದವು ಎಂಬುದನ್ನು ಕಂಪ್ಯೂಟರಿನೊಳಗೆ ಮತ್ತೊಮ್ಮೆ ನಡೆಸಿ ತೋರಿಸಬೇಕು. ಅದಕ್ಕೆ ಮಾದರಿ ಕಟ್ಟುವುದು ಅಂತಾರೆ.

ಅರ್ಜಿಯ ಕೊನೆಯ ಪುಟಕ್ಕೆ ಮಾರ್ಗದರ್ಶಕರ ಸಹಿ ಬೇಕಿತ್ತು. ಸೋಮವಾರ ಕಡೆಯ ದಿನ. ಸರ್ ಮಾರ್ಗದರ್ಶಕರಾಗಲಿ ಎಂದು ಮಹಾನಂದಾ ಹಿಂದಿನ ಮಂಗಳವಾರವೇ ಚೀಲ ಹೊತ್ತು ಬಂದುಬಿಟ್ಟಳು.

"ಈ ಸೀಟು ತಪ್ಪಿದ್ರ ನನ್ನ ಓದು ಇಲ್ಲಿಗೇ ಮುಗೀತ್ರಿ ಸರ್" ಅಂದಳು. ಮುಚ್ಚಿಡುವ ಸ್ವಭಾವದವಳಲ್ಲ ಅಂತ ಕಾಣುತ್ತಿತ್ತು.

ಸರ್ ಸಹಿ ಮಾಡಲಿಲ್ಲ. ಎದುರಿನ ಗುಡ್ಡದ ಮೇಲೆ ಡ್ರೋನ್ ಹಾರಿಸಿ ಮಾಡಿದ ಎತ್ತರ ತಗ್ಗಿನ ನಕ್ಷೆಯೊಂದಿತ್ತು. ಅದನ್ನು ಅವಳ ಕಂಪ್ಯೂಟರಿಗೆ ಹಾಕಿಕೊಟ್ಟರು.

"ಮೊದಲ ಇದರ ಮ್ಯಾಲೆ ನೀರು ಹರಿಸಿ ತೋರಿಸವಾ."

ಬುಧವಾರ ಬೆಳಿಗ್ಗೆ ಚಹಾ ಕುಡಿದು ಲೋಟ ಕೆಳಗಿಡುವ ಮೊದಲೇ ಅವಳು ತೋರಿಸಿದಳು. ಗುಡ್ಡದ ತುಂಬ ಸಣ್ಣ ಸಣ್ಣ ನೀಲಿ ಗೆರೆಗಳು. ಒಂದಕ್ಕೊಂದು ಕೂಡಿ, ದಪ್ಪವಾಗಿ, ಕೆಳಗೆ ಹಳ್ಳಕ್ಕೆ ಇಳಿದಿದ್ದವು. ನೋಡಲು ಚೆಂದವೇ ಇತ್ತು.

"ನೀರೆಲ್ಲಾ ಹಳ್ಳ ಸೇರಿತೇನು?"

"ಸೇರಿತ್ರಿ. ಒಂದು ಹನಿನೂ ನಡುವ ನಿಲ್ಲಲಿಲ್ಲ."

"ನಕ್ಷೆದಾಗ ಗುಂಡಿ ಇರಲಿಲ್ಲೇನು?"

"ಇದ್ವುರಿ. ನೂರಾ ಎಂಬತ್ತಾರು. ಎಲ್ಲಾ ತುಂಬಿಬಿಟ್ಟೆ."

"ಯಾಕ?"

"ಗುಂಡಿ ಇದ್ರ ನೀರು ಅಲ್ಲೇ ಸಿಕ್ಕೊಂಡು ಮಾದರಿ ಮುಂದ ನಡಿಯೂದಿಲ್ರಿ. ಒಂದು ಬಟನ್ ಒತ್ತಿದ್ರ ಎಲ್ಲಾ ಸಪಾಟ ಆಗತಾವ. ಎಲ್ಲಾರೂ ಹಿಂಗ ಮಾಡತಾರ."

ಅದೇನೂ ಸುಳ್ಳಲ್ಲ. ಮೇಲಿನಿಂದ ತೆಗೆದ ನಕ್ಷೆಯಲ್ಲಿ ಕಾಣುವ ಗುಂಡಿಗಳು ಬಹಳಷ್ಟು ಬರೀ ಅಳತೆಯ ತಪ್ಪು. ಮೊದಲು ಗುಂಡಿ ತುಂಬು, ಆಮೇಲೆ ನೀರು ಬಿಡು ಅಂತಲೇ ಈ ವಿದ್ಯೆಯ ಮೊದಲ ಪಾಠ ಹೇಳುತ್ತದೆ.

"ಮಣ್ಣಿನ ದಪ್ಪ ಎಷ್ಟು ಹಿಡಿದಿ?"

"ಎರಡು ಮೀಟರ್‍ರಿ."

"ಎಲ್ಲಾ ಕಡೆ?"

"ಗೊತ್ತಿಲ್ಲದಾಗ ಹಂಗ ಹಿಡೀತಾರ್ರಿ."

ಸರ್ 'ಹೂಂ' ಅಂದರು. ಮೂಲೆಯಲ್ಲಿದ್ದ ಹಿತ್ತಾಳೆ ಕೊಡ ತಂದು ಅವಳ ಮುಂದಿಟ್ಟರು.

"ಕುಡಿಯೂ ನೀರು ಮುಗದೈತಿ. ತುಂಬಿಕೊಂಡು ಬಾ. ಆದ್ರ ನಿನ್ನ ನಕ್ಷೆದಾಗ ನೀರು ಎಲ್ಲೆಲ್ಲಿ ಐತಿ, ಅಲ್ಲಿಗಷ್ಟೇ ಹೋಗಬೇಕು. ಬ್ಯಾರೆ ಕಡೆ ಹೋಗಬಾರದು."

ಇದೇನು ಮಹಾ ಅಂದುಕೊಂಡು ಅವಳು ಕೊಡ ಎತ್ತಿಕೊಂಡಳು.

ಚೈತ್ರದ ಬಿಸಿಲು. ಮೊದಲನೆಯ ನೀಲಿ ಗೆರೆಯ ಜಾಗದಲ್ಲಿ ಬರೀ ಗರಸು ಕಲ್ಲು ಇತ್ತು. ಎರಡನೆಯದರಲ್ಲಿ ಜಾಲಿಮುಳ್ಳು. ಮೂರನೆಯದರಲ್ಲಿ ಆಡಿನ ಹಿಕ್ಕೆ. ನೀಲಿ ಗೆರೆಗಳೆಲ್ಲ ಕೂಡುವ ಹಿರೇಹಳ್ಳದಲ್ಲಿ ಮರಳು ಕಾದಿತ್ತು, ದಂಡೆಯ ನೆರಳಿನಲ್ಲಿ ಒಂದು ನಾಯಿ ಮಲಗಿತ್ತು.

ಮಧ್ಯಾಹ್ನ ಅವಳು ಖಾಲಿ ಕೊಡ ಹೊತ್ತು ಬಂದಳು. ಕೇಂದ್ರದಲ್ಲಿ ಅಡುಗೆ ಮಾಡುವ ದ್ಯಾಮವ್ವ ಬಾಗಿಲಲ್ಲೇ ನಿಂತಿದ್ದಳು.

"ಖಾಲಿ ಕೊಡ ಹೊತಗೊಂಡು ಎದುರಿಗೆ ಬರಬ್ಯಾಡ ನಮ್ಮವ್ವ. ದೊಣಿಗೆ ಹೋಗೂದು ಬಿಟ್ಟು ಎಲ್ಲಿ ತಿರಗಾಡಿದಿ?"

ಗುಡ್ಡದ ನಡುಮೈಯಲ್ಲಿ ಬಂಡೆಯೊಳಗೆ ತಾನಾಗಿ ಕೊರೆದುಕೊಂಡ ತಗ್ಗಿಗೆ ಅಲ್ಲಿಯವರು ದೊಣೆ ಅನ್ನುತ್ತಿದ್ದರು. ಮಳೆಗಾಲದ ನೀರು ಅದರಲ್ಲಿ ಜ್ಯೇಷ್ಠದ ತನಕ ನಿಲ್ಲುತ್ತಿತ್ತು. ಕೇಂದ್ರಕ್ಕೆ ಕುಡಿಯಲು ಅದೇ ನೀರು.

"ಮುಂಜಾನೆ ಚಹಾ ಕುಡದಿಯಲ್ಲ, ಅದು ಯಾವ ನೀರು?" ಸರ್ ಕೇಳಿದರು.

"ದೊಣಿದ್ರಿ."

"ನಿನ್ನ ನಕ್ಷೆದಾಗ ದೊಣಿ ತೋರಿಸು."

ಅವಳು ಕಂಪ್ಯೂಟರ್ ತೆರೆದು ಹುಡುಕಿದಳು. ದೊಣೆ ಇರಬೇಕಾದ ಕಡೆ ನುಣ್ಣನೆಯ ಇಳಿಜಾರು. ಅದರ ಮೇಲೆ ಒಂದು ನೀಲಿ ಗೆರೆ ತಡೆಯಿಲ್ಲದೆ ಹರಿದುಹೋಗಿತ್ತು. ನೂರಾ ಎಂಬತ್ತಾರರಲ್ಲಿ ದೊಣೆಯೂ ಒಂದು. ಅದರ ನೀರು ಕುಡಿಯುತ್ತಲೇ ಅದನ್ನು ಮುಚ್ಚಿಬಿಟ್ಟಿದ್ದಳು.

ಅವಳಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟೂ ಬಂತು.

"ಲಕ್ಷ ವರ್ಷದ ಲೆಕ್ಕದಾಗ ಒಂದು ದೊಣಿ ಎಷ್ಟರದ್ದು ಸರ್?"

"ಏನೂ ಅಲ್ಲದೇ ಇರಬಹುದು. ನೋಡದ ಹೆಂಗ ಹೇಳತಿ?"

"ಗುಂಡಿ ತುಂಬದಿದ್ರ ಮಾದರಿ ನಿಂತಬಿಡತೈತ್ರಿ."

"ಅದು ನಿಲ್ಲಲಿ. ನೀ ನಡಿ."

ದ್ಯಾಮವ್ವ ಅವಳ ಕೈಯಿಂದ ಕೊಡ ಇಸಿದುಕೊಂಡು, "ದೂರದ ಗುಡ್ಡ ಎಲ್ಲಾರಿಗೂ ನುಣ್ಣಗ" ಅಂತ ಗೊಣಗುತ್ತ ದೊಣೆಯ ಕಡೆ ಹೋದಳು.

ಗುರುವಾರ, ಶುಕ್ರವಾರ, ಶನಿವಾರ ಮಹಾನಂದಾ ಗುಡ್ಡ ಹತ್ತಿದಳು, ಇಳಿದಳು. ನಕ್ಷೆಯಲ್ಲಿದ್ದ ಒಂದೊಂದೇ ಗುಂಡಿಯ ಹತ್ತಿರ ನಿಂತು ನೋಡಿದಳು. ಕೆಲವು ಜಾಲಿ ಮರದ ನೆರಳು. ಕೆಲವು ಎರಡು ಬಂಡೆಗಳ ನಡುವಿನ ಸಂದು. ಒಂದು ಕಡೆ ನಕ್ಷೆ ಆಳವಾದ ಗುಂಡಿ ತೋರಿಸುತ್ತಿತ್ತು. ಹೋಗಿ ನೋಡಿದರೆ ಸಮನಾದ ಬಂಡೆ, ಅದರ ಮೇಲೆ ಓತಿಕ್ಯಾತ ಕೂತು ತಲೆಯಾಡಿಸುತ್ತಿತ್ತು.

ಮೊದಲ ದಿನ ಅವಳು ಸೋಮವಾರದ್ದೇ ಚಿಂತೆ ಮಾಡುತ್ತ ನಡೆದಳು. ಮೂರನೆಯ ದಿನ ಅದು ಸ್ವಲ್ಪ ಮರೆತಿತ್ತು. ಕಾಲಿನ ಚಪ್ಪಲಿ ಹರಿದಿತ್ತು.

ಶನಿವಾರ ಸಂಜೆ ಬಂದು ಬೇವಿನ ಕಟ್ಟೆಯ ಮೇಲೆ ಕೂತಳು.

"ಗುಡ್ಡ ಅಗದು ಇಲಿ ಹಿಡದಂಗಾತ್ರಿ ಸರ್. ಅಷ್ಟರಾಗ ಖರೇ ಗುಂಡಿ ಹನ್ನೊಂದೇ."

"ಇಲಿ ಜೀವಂತ ಐತಿಲ್ಲೋ?"

"ಐತ್ರಿ." ಅವಳಿಗೆ ನಗು ಬಂತು. "ದೊಣಿ ಬಾಜೂಕ ಇನ್ನೊಂದು ಸಣ್ಣ ದೊಣಿ ಐತಿ. ನಡುವ ಒಂದು ಗೇಣು ಬಂಡೆಗಲ್ಲು ಉಳದೈತಿ. ಸ್ವಲ್ಪ ದಿನಕ್ಕ ಎರಡೂ ಕೂಡತಾವ. ಆಮ್ಯಾಲೆ ಅಲ್ಲಿಂದ ಹಳ್ಳ ಶುರು ಆಗತೈತಿ."

"ಸ್ವಲ್ಪ ದಿನ ಅಂದ್ರ?"

"ಒಂದೆರಡು ಸಾವಿರ ವರ್ಷ."

ಸರ್ ಆ ವಾರದಲ್ಲಿ ಮೊದಲ ಸಲ ನಕ್ಕರು. "ನಾಳೆ ಅರ್ಜಿ ತೊಗೊಂಡು ಬಾ" ಅಂದರು.

ಭಾನುವಾರ ಬೆಳಿಗ್ಗೆ ಅವಳು ತಲೆ ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಅರ್ಜಿ ತಂದಿಟ್ಟಳು. ಒಂದು ಗೀಚೂ ಇಲ್ಲದ ಅಚ್ಚುಕಟ್ಟಾದ ಅರ್ಜಿ. ಸರ್ ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಓದಿದರು. ಮೂರನೆಯ ಪುಟದಲ್ಲಿ ಅವರ ಬೆರಳು ನಿಂತಿತು.

ಅಲ್ಲಿ, 'ಓದಿನ ನಡುವೆ ಬಿಡುವು ಇದ್ದಲ್ಲಿ ಕಾರಣ ತಿಳಿಸಿ' ಎಂದಿತ್ತು. ಅದರ ಮುಂದೆ ಅವಳು, 'ಎರಡು ವರ್ಷ, ಸ್ವತಂತ್ರ ಅಧ್ಯಯನ' ಎಂದು ಬರೆದಿದ್ದಳು.

"ಇದು ಭಾಳ ನುಣ್ಣಗೈತಿ" ಅಂದರು ಸರ್.

ಮಹಾನಂದಾ ಆ ಸಾಲಿನ ಕಡೆ ಬಗ್ಗಿ ನೋಡಿದಳು.

"ಇಲ್ಲಿ ಏನಿತ್ತು?"

"ಏನಿಲ್ರಿ ಸರ್."

ಸರ್ ಪುಟ ತಿರುವಲೂ ಇಲ್ಲ, ಬೆರಳು ತೆಗೆಯಲೂ ಇಲ್ಲ. ಒಳಗೆ ದ್ಯಾಮವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು.

"ಫೇಲಾಗಿದ್ದೆ" ಅಂದಳು ಅವಳು. "ಎಮ್ಮೆಸ್ಸಿ ಎರಡನೇ ವರ್ಷ. ಮನ್ಯಾಗ ಮಾರಿ ತೋರಿಸಾಕ ಆಗಲಿಲ್ಲ. ನಮ್ಮ ಸೋದರಮಾವಂದು ಬೋರ್ ಹೊಡಿಯೂ ಲಾರಿ ಇತ್ತು. ಅದರ ಜೋಡಿ ಹೋದೆ. ಎರಡು ವರ್ಷ ಆದ ಮ್ಯಾಲೆ ಮತ್ತ ಪರೀಕ್ಷೆ ಕಟ್ಟಿ ಪಾಸಾದೆ."

"ಲಾರಿ ಮ್ಯಾಲೆ ನಿನ್ನ ಕೆಲಸ ಏನು?"

"ಬೋರ್ ಕೊರಿಯೂ ಮುಂದ ಪುಡಿ ಹೊರಗ ಬರತೈತಲ್ರಿ, ಅದನ್ನ ಕೈಯಾಗ ಹಿಡದು ನೋಡೂದು. ಎಷ್ಟು ಅಡಿ ತನಕ ಮಣ್ಣು, ಎಲ್ಲಿಂದ ಕಲ್ಲು ಅಂತ ಬರಕೊಳ್ಳೂದು. ಸಂಜಿಕ ಮೈ ಮಾರಿ ಎಲ್ಲಾ ಬೆಳ್ಳಗ ಆಗತಿತ್ತು. ಓದಿದಾಕಿ ಕಲ್ಲಪುಡಿ ಬಳೀಲಿಕ್ಕೆ ಬಂದಾಳ ಅಂತ ಮಂದಿ ನಗತಿದ್ರು."

"ಎಷ್ಟು ಬೋರ್ ನೋಡಿದಿ?"

"ನೂರಾ ನಲವತ್ತು. ತೊಂಬತ್ತರಾಗ ನೀರು ಬೀಳಲಿಲ್ಲ."

"ಎಲ್ಲಿ?"

"ಇದೇ ಸೀಮಿಯಾಗ. ಹಳ್ಳದ ಆ ಕಡೆ, ಈ ಕಡೆ."

"ಕಲ್ಲು ಎಷ್ಟು ಅಡಿಗೆ ಹತ್ತತಿತ್ತು?"

ಅವಳು ಯೋಚನೆಯನ್ನೇ ಮಾಡಲಿಲ್ಲ. "ಗುಡ್ಡದ ಬುಡಕ್ಕ ಎಂಟು, ಹತ್ತು ಅಡಿಗೆ ಹತ್ತತೈತ್ರಿ. ಹಳ್ಳದ ಕಡೆ ಬಂದ್ರ ನಲವತ್ತು. ಆ ದಂಡಿಯ ಕರಿ ಮಣ್ಣಿನ ಎರಿ ಹೊಲದಾಗ ಅರವತ್ತು ಅಡಿ ತನಕ ಬರೀ ಮಣ್ಣು, ಮೊರಮು. ಆಮ್ಯಾಲೆ ಒಂದು ಕೆಂಪು ಪದರ ಬರತೈತಿ, ಅದು..."

ಮಾತು ಅಲ್ಲಿಗೇ ನಿಂತಿತು.

"ಮಾದರಿದಾಗ ಮಣ್ಣು ಎಷ್ಟು ಬರದಿ?" ಸರ್ ಕೇಳಿದರು.

"ಎರಡು ಮೀಟರ್."

"ಗೊತ್ತಿಲ್ಲದಾಗ ಹಂಗ ಹಿಡೀತಾರ ಅಂದಿ."

"ಗೊತ್ತೈತಿ ಅಂದಿದ್ರ ಎಲ್ಲಿ ಕಲತಿ ಅಂತ ಕೇಳತಿದ್ರಿ" ಅಂದಳು. ಹೇಳುವಾಗ ಅವಳ ಕಣ್ಣು ತುಂಬಿತ್ತು.

ಸರ್ ಬೈಯಲಿಲ್ಲ. ಬೈದಿದ್ದರೆ ಅವಳಿಗೂ ಹಗುರಾಗುತ್ತಿತ್ತು. ಮೇಜಿನ ಖಾನೆ ಎಳೆದು, ಏನೂ ಬರೆಯದ ಅರ್ಜಿಯೊಂದನ್ನು ತೆಗೆದು ಬರೆದ ಅರ್ಜಿಯ ಪಕ್ಕಕ್ಕೆ ಇಟ್ಟರು.

"ಸಹಿ, ಸರ್?"

"ಯಾವುದಕ್ಕ ಅಂತ ನೀ ಹೇಳಿದ ಮ್ಯಾಲೆ."

ಅವಳು ಎರಡನ್ನೂ ತೆಗೆದುಕೊಂಡು ಬೇವಿನ ಕಟ್ಟೆಗೆ ಹೋದಳು. ಬರೆದ ಅರ್ಜಿಯನ್ನೇ ಬಹಳ ಹೊತ್ತು ನೋಡಿದಳು. ಅದರಲ್ಲಿ ಅವಳ ಬದುಕು ಹುಟ್ಟಿದ ದಿನದಿಂದ ಈ ದಿನದ ತನಕ ಎಲ್ಲೂ ತಡೆಯದೆ ಹರಿದು ಬಂದಿತ್ತು. ಬೇರೆ ಅರ್ಜಿಗಳೂ ಹೀಗೇ ಇರುತ್ತವೆ. ಅವುಗಳ ನಡುವೆ ಒಂದರಲ್ಲಿ ಮಾತ್ರ ಫೇಲು ಅಂತ ಇದ್ದರೆ ಯಾರ ಕಣ್ಣಿಗೆ ಬೀಳುವುದಿಲ್ಲ? ಅವಳಿಗೆ ಹೆದರಿಕೆಯಾಯಿತು.

ದ್ಯಾಮವ್ವ ಊಟಕ್ಕೆ ಎರಡು ಸಲ ಕರೆದಳು. ಅವಳು ಏಳಲಿಲ್ಲ. ಮೂರನೆಯ ಸಲ ಕರೆಯುವಾಗ ಹೊಸ ಅರ್ಜಿಯಲ್ಲಿ ಬರೆಯುತ್ತಿದ್ದಳು.

ಬರೆದು ತಂದು ಸರ್ ಮುಂದಿಟ್ಟಳು. ಕೈಬರಹ ಅಲ್ಲಲ್ಲಿ ಸೊಟ್ಟಗಾಗಿತ್ತು, ಒಂದು ಕಡೆ ಹೊಡೆದು ತಿದ್ದಿದ್ದಳು. ಸರ್ ಸೀದಾ ಮೂರನೆಯ ಪುಟ ತೆಗೆದರು.

'ಎಂ.ಎಸ್ಸಿ. ಎರಡನೆಯ ವರ್ಷ ಒಂದು ವಿಷಯದಲ್ಲಿ ಫೇಲಾದೆ. ನಂತರ ಎರಡು ವರ್ಷ ಕೊಳವೆಬಾವಿ ಕೊರೆಯುವ ಲಾರಿಯಲ್ಲಿ ಕೆಲಸ ಮಾಡಿದೆ. ಈ ಸೀಮೆಯಲ್ಲಿ ನೂರಾ ನಲವತ್ತು ಬಾವಿ ನೋಡಿದ್ದೇನೆ. ಪ್ರತಿಯೊಂದರಲ್ಲೂ ಮಣ್ಣು ಎಲ್ಲಿ ಮುಗಿದು ಕಲ್ಲು ಎಲ್ಲಿ ಸಿಕ್ಕಿತು ಎಂದು ಬರೆದಿಟ್ಟಿದ್ದೇನೆ. ವಹಿಗಳು ನನ್ನ ಹತ್ತಿರ ಇವೆ.'

ಸರ್ ಕೊನೆಯ ಪುಟ ತೆಗೆದು ಸಹಿ ಮಾಡಿದರು. ಬೇಕಾಗಿದ್ದದ್ದು ಕೈಗೆ ಬಂದರೂ ಮಹಾನಂದಾ ಅಲ್ಲೇ ನಿಂತಿದ್ದಳು.

"ಸರ್, ವಿಶ್ವವಿದ್ಯಾಲಯದಾಗ ಅರ್ಜಿ ಆರಿಸಾಕ ಮೂರು ಮಂದಿ ದೊಡ್ಡವರು ಕುಂತಿರತಾರ. ಇದನ್ನ ಓದಿ ಅವರೂ ನಕ್ಕರ? ಇದರ ಸಲುವಾಗೇ ಸೀಟು ಹೋತಂದ್ರ?"

ಸರ್ ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಂಡರು. ಎದ್ದು ಮೂಲೆಗೆ ಹೋಗಿ ಖಾಲಿ ಕೊಡ ಎತ್ತಿ ತಂದು ಅವಳ ಕೈಗೆ ಕೊಟ್ಟರು.

"ಕೊಡ ಮುಳುಗಿ ತುಂಬೂದು ಗುಂಡಿದಾಗ ನೀರು ನಿಂತಲ್ಲೇ, ತಂಗಿ."